ಹಿತ್ತಲ ಮನೆಯ ಪರ್ಮಿಟ್ ಲೆಕ್ಕ: 780 ಚದರಡಿಯಿಂದ 741ಕ್ಕೆ

ಅಪ್ಪ ಅಮ್ಮ ಇನ್ನು ವರ್ಷಕ್ಕೆ ಆರು ತಿಂಗಳು ನಮ್ಮ ಜೊತೆ ಇರೋದು ಅಂತ ತೀರ್ಮಾನವಾದ ಸಂಜೆಯೇ ನಾನು ಟೇಪು ಹಿಡಿದು ಹಿತ್ತಲಿಗೆ ಇಳಿದೆ. ನಾವಿರುವುದು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯ ಒಂದು ಊರಿನಲ್ಲಿ. 60 ಅಡಿಗೆ 100 ಅಡಿ ನಿವೇಶನ, 1950ರ ದಶಕದ 1,500 ಚದರಡಿಯ ಮನೆ, ಎರಡು ಬಚ್ಚಲು. ಹಿಂದೆ ಒಂದು ನಿಂಬೆಗಿಡ ಮತ್ತು ಹುಲ್ಲು. ಅಲ್ಲೊಂದು ಚಿಕ್ಕ ಮನೆ ಕಟ್ಟಿದರೆ ಅಮ್ಮ ತನ್ನ ಅಡುಗೆಮನೆಯಲ್ಲಿ ತನ್ನ ಹೊತ್ತಿಗೆ ಕಾಫಿ ಮಾಡಿಕೊಳ್ಳಬಹುದು, ಅಪ್ಪ ಮೆಟ್ಟಿಲು ಹತ್ತುವ ಗೊಡವೆಯಿಲ್ಲದೆ ಓಡಾಡಬಹುದು. ಇಂಥ ಮನೆಗೆ ಇಲ್ಲಿ ಎಡಿಯು ಅನ್ನುತ್ತಾರೆ. ಮನೆಯಲ್ಲಿ ನಾವು ಹಿತ್ತಲ ಮನೆ ಅಂತಲೇ ಕರೆಯುತ್ತೇವೆ.

ಕಟ್ಟುವ ಖರ್ಚಿನ ಬಗ್ಗೆ ಕೇಳಿದಲ್ಲೆಲ್ಲ ಮಾಹಿತಿ ಸಿಕ್ಕಿತು. ಪರ್ಮಿಟ್ಟಿಗೆ ಎಷ್ಟಾಗುತ್ತೆ ಅಂದರೆ ಮಾತ್ರ ಒಬ್ಬರು ಐದು ಸಾವಿರ ಅಂದರು, ಇನ್ನೊಬ್ಬರು ಐವತ್ತು ಸಾವಿರ ಅಂದರು. ಎರಡೂ ಸುಳ್ಳಲ್ಲ ಅನ್ನುವುದು ಗೊತ್ತಾಗಲು ನನಗೆ ಐದು ತಿಂಗಳು ಬೇಕಾಯಿತು. ಈ ಕೆಲಸಕ್ಕೆ ಇಳಿಯುವ ಕನ್ನಡದವರು ಇಲ್ಲಿ ಬಹಳ ಜನ ಇದ್ದಾರೆ, ಹೆಚ್ಚಿನವರು ಅಪ್ಪ ಅಮ್ಮನಿಗಾಗಿಯೇ. ಅವರ ಐದು ತಿಂಗಳು ಉಳಿಯಲಿ ಅಂತ ನನ್ನ ಲೆಕ್ಕದ ಪುಸ್ತಕವನ್ನು ಇಲ್ಲಿ ಬಿಚ್ಚಿಡುತ್ತಿದ್ದೇನೆ.

ಮೊದಲ ಅಂದಾಜು, 2024ರ ಅಕ್ಟೋಬರ್

ಸ್ಪ್ರೆಡ್‌ಶೀಟಿನಲ್ಲಿ ಒಂದೇ ಸಾಲು ಬರೆದಿದ್ದೆ: "ಪರ್ಮಿಟ್ ಮತ್ತು ಪ್ಲ್ಯಾನ್, 12,000 ಡಾಲರ್." ಅದನ್ನು ಅಪ್ಪನಿಗೆ ಕಳಿಸಿದೆ. ಅಪ್ಪ ಹಾಸನದಲ್ಲಿ ಪಿಡಬ್ಲ್ಯುಡಿಯಲ್ಲಿ ಇದ್ದವರು, ಮೂವತ್ತು ವರ್ಷ ಎಸ್ಟಿಮೇಟ್ ಬರೆದ ಕೈ. ಅವತ್ತೇ ರಾತ್ರಿ ಫೋನ್ ಬಂತು.

"ಇದೇನೋ ಇದು, ಎಲ್.ಎಸ್. ಹಾಕಿದ್ದೀಯ?"

ಎಲ್.ಎಸ್. ಅಂದರೆ ಲಂಪ್‌ಸಮ್. ಅಳತೆ ಸಿಗದ ಐಟಮ್ಮಿಗೆ ಎಸ್ಟಿಮೇಟಿನಲ್ಲಿ ಹಾಕುವ ಇಡಿಗಂಟು.

"ಅಳತೆ ಇದ್ದೂ ಎಲ್.ಎಸ್. ಹಾಕಿದ್ರೆ ನಮ್ ಎಇಇ ಫೈಲ್ ವಾಪಸ್ ಎಸೀತಿದ್ರು. ಬಿಡಿಸಿ ಬರಿಯಪ್ಪ. ಯಾರಿಗೆ ಕಟ್ಬೇಕು, ಯಾವ ಅಳತೆ ಮೇಲೆ ಕಟ್ಬೇಕು, ರೇಟೆಷ್ಟು. ಮೂರು ಕಾಲಂ ಹಾಕು. ಮೂರೂ ತುಂಬದಿರೋ ಐಟಂ ಇದ್ರೆ ಅದೇ ನಿನಗೆ ಹೊಡೆತ ಕೊಡೋದು."

ಈ ಮೂರು ಕಾಲಮ್ಮೇ ಇಡೀ ಕೆಲಸಕ್ಕೆ ದಾರಿಯಾಯಿತು. ಯಾಕೆಂದರೆ ಪರ್ಮಿಟ್ ಫೀಸು ಅನ್ನುವ ಒಂದು ಫೀಸೇ ಇಲ್ಲ. ನಗರದ ಕಟ್ಟಡ ವಿಭಾಗ ಒಂದು ಅಳತೆ ಹಿಡಿಯುತ್ತದೆ, ಶಾಲಾ ಜಿಲ್ಲೆ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಬೇರೊಂದು, ನೀರಿನವರು ಮತ್ತೊಂದು. ಅದೇ ಮನೆ, ಅದೇ ನಕ್ಷೆ, ಆದರೆ ಪ್ರತಿಯೊಬ್ಬರ ಟೇಪೂ ಬೇರೆ ಕಡೆಯಿಂದ ಶುರುವಾಗುತ್ತದೆ.

ಕಾನೂನು ಎಲ್ಲಿ ಕೈಹಿಡಿಯುತ್ತದೆ

ಕ್ಯಾಲಿಫೋರ್ನಿಯಾದ ಎಡಿಯು ಕಾನೂನು ಈಗ ಸರ್ಕಾರಿ ಸಂಹಿತೆಯ 66310ರಿಂದ 66342ರವರೆಗಿನ ಕಲಮುಗಳಲ್ಲಿದೆ. 2024ರ ಮಾರ್ಚಿಗೆ ಮುಂಚೆ ಇದು 65852.2 ಆಗಿತ್ತು, ಹಳೆಯ ಬರಹಗಳಲ್ಲಿ ಆ ಸಂಖ್ಯೆಯೇ ಸಿಗುತ್ತದೆ. 800 ಚದರಡಿವರೆಗಿನ, 16 ಅಡಿ ಎತ್ತರದ, ಪಕ್ಕ ಮತ್ತು ಹಿಂದಿನ ಬೇಲಿಯಿಂದ 4 ಅಡಿ ಬಿಟ್ಟ ಹಿತ್ತಲ ಮನೆಯನ್ನು ಸ್ಥಳೀಯ ವಲಯ ನಿಯಮ ತೋರಿಸಿ ತಡೆಯುವಂತಿಲ್ಲ. ಪೂರ್ಣ ಅರ್ಜಿ ಕೈಸೇರಿದ 60 ದಿನದೊಳಗೆ ನಗರ ತೀರ್ಮಾನ ಹೇಳಬೇಕು. ನೆರೆಹೊರೆಯವರನ್ನು ಕರೆದು ವಿಚಾರಣೆ ನಡೆಸುವಂತಿಲ್ಲ.

ಹಣದ ದೃಷ್ಟಿಯಿಂದ ಮುಖ್ಯವಾದದ್ದು ಎಸ್‌ಬಿ 13 (ಎಸ್‌ಬಿ ಅಂದರೆ ರಾಜ್ಯದ ಸೆನೆಟ್ಟಿನ ಮಸೂದೆ). 2020ರ ಜನವರಿ 1ರಿಂದ ಜಾರಿಗೆ ಬಂತು. 750 ಚದರಡಿಗಿಂತ ಕಡಿಮೆ ಇರುವ ಎಡಿಯುಗೆ ಇಂಪ್ಯಾಕ್ಟ್ ಫೀ ಇಲ್ಲ. ಉದ್ಯಾನ, ರಸ್ತೆ, ಗ್ರಂಥಾಲಯದಂಥ ಸೌಕರ್ಯಗಳ ಮೇಲೆ ಹೊಸ ಮನೆ ಹಾಕುವ ಹೊರೆಗೆ ಊರು ವಸೂಲು ಮಾಡುವ ಹಣ ಅದು. 750 ದಾಟಿದರೆ ಆ ಫೀಸು ಬರುತ್ತದೆ, ಮುಖ್ಯ ಮನೆಯ ವಿಸ್ತೀರ್ಣಕ್ಕೆ ಹಿತ್ತಲ ಮನೆಯ ವಿಸ್ತೀರ್ಣ ಯಾವ ಪ್ರಮಾಣವೋ ಅದೇ ಪ್ರಮಾಣದಲ್ಲಿ. ಮುಖ್ಯ ಮನೆ ಚಿಕ್ಕದಿದ್ದಷ್ಟೂ ಪಾಲು ದೊಡ್ಡದಾಗುತ್ತದೆ. ಇದರಿಂದ ನಷ್ಟವಾಗುವುದು ನಮ್ಮಂಥ ಹಳೆಯ ಚಿಕ್ಕ ಮನೆಗಳವರಿಗೆ. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ, ಆದರೆ ಕಾನೂನು ಹಾಗಿದೆ.

ಕೌಂಟರಿನ ಮುಂದೆ, 2025ರ ಫೆಬ್ರವರಿ

ನಮ್ಮ ಮೊದಲ ನಕ್ಷೆ ಹೊರಗಿನಿಂದ 30 ಅಡಿಗೆ 26 ಅಡಿ. ಗೋಡೆ ಅಂದಾಜು ಅರ್ಧ ಅಡಿ ದಪ್ಪ, ಆದ್ದರಿಂದ ಒಳಗೆ 29ಕ್ಕೆ 25, ಅಂದರೆ 725 ಚದರಡಿ. ಮೊದಲ ಹಾಳೆಯಲ್ಲಿ 725 ಅಂತ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆ. 750ರ ಕೆಳಗೆ ಇದ್ದೇವೆ ಅಂತ ನಿಶ್ಚಿಂತೆಯಿಂದ ಇದ್ದೆ.

ನಗರದ ಪರ್ಮಿಟ್ ಕೌಂಟರಿನಲ್ಲಿದ್ದ ಸಿಬ್ಬಂದಿ ಹಾಳೆ ತಿರುವಿ, ತಳಪಾಯದ ನಕ್ಷೆಯ ಮೇಲೆ ಸ್ಕೇಲ್ ಇಟ್ಟರು. ಹೊರಗೋಡೆಯ ಹೊರಮೈಯಿಂದ ಹೊರಮೈಗೆ. ಪೆನ್ಸಿಲಿನಲ್ಲಿ ಅಂಚಿಗೆ 780 ಅಂತ ಬರೆದು ಸುತ್ತ ಒಂದು ಗೆರೆ ಎಳೆದರು. "ನಾವು ಹೀಗೆ ಅಳೆಯುತ್ತೇವೆ" ಅಂದರು, ಅಷ್ಟೇ.

ಆ ಪೆನ್ಸಿಲ್ ಗೆರೆಯ ಬೆಲೆ ಎಷ್ಟು ಅಂತ ಕಾರಿನಲ್ಲಿ ಕೂತೇ ಲೆಕ್ಕ ಹಾಕಿದೆ. ಹೊಸ ಮನೆಯೊಂದಕ್ಕೆ ಉದ್ಯಾನ ಫೀಸು 20,000 ಡಾಲರ್ ಅಂತ ಇಟ್ಟುಕೊಳ್ಳಿ. 780ನ್ನು 1,500ರಿಂದ ಭಾಗಿಸಿದರೆ ಶೇ 52. ಅಂದರೆ 10,400 ಡಾಲರ್. ಅದೂ ಒಂದು ಫೀಸು ಮಾತ್ರ. 750ಕ್ಕಿಂತ ಹೆಚ್ಚಾದದ್ದು 30 ಚದರಡಿ, ಒಂದು ಡಬಲ್ ಮಂಚ ಹಾಕುವಷ್ಟು ಜಾಗ.

ಎಸ್‌ಬಿ 13 ಹೇಳಿದ್ದು 750 ಅಂತ, ಗೋಡೆಯ ಒಳಗಿನಿಂದಲೋ ಹೊರಗಿನಿಂದಲೋ ಅನ್ನುವುದನ್ನು ಬಿಡಿಸಿ ಹೇಳಿರಲಿಲ್ಲ. ಆ ಸಂದಿಯಲ್ಲಿ ಊರಿಗೊಂದು ಪದ್ಧತಿ ಬೆಳೆದಿತ್ತು. 2025ರಲ್ಲಿ ಸಹಿಯಾದ ಎಸ್‌ಬಿ 543 ಇದನ್ನು ಸರಿಪಡಿಸಿದೆ. 2026ರ ಜನವರಿ 1ರಿಂದ ಲೆಕ್ಕಕ್ಕೆ ಬರುವುದು ಒಳಗಿನ ವಾಸಯೋಗ್ಯ ಜಾಗ. ಅಂದರೆ ನಮ್ಮ ಮೊದಲ ನಕ್ಷೆ ಇವತ್ತು ಹಾಗೇ ಪಾಸಾಗುತ್ತಿತ್ತು. ಈಗ ಅರ್ಜಿ ಹಾಕುವವರು ಇದನ್ನು ಅಚ್ಚು ಹಾಕಿಸಿಕೊಂಡು ಕೌಂಟರಿಗೆ ಹೋಗಿ. ಹಳೆಯ ಪದ್ಧತಿ ಕೈಯಲ್ಲಿ ಕೂತುಬಿಟ್ಟಿರುತ್ತದೆ.

ನಾವು ಆಗ ಕಾಯುವ ಸ್ಥಿತಿಯಲ್ಲಿ ಇರಲಿಲ್ಲ. ಉದ್ದದಲ್ಲಿ ಒಂದೂವರೆ ಅಡಿ ತೆಗೆದೆವು. 28.5 ಅಡಿಗೆ 26 ಅಡಿ, ಹೊರಗಿನಿಂದ 741 ಚದರಡಿ. ಎಲ್ಲಿಂದ ತೆಗೆಯುವುದು ಅನ್ನುವುದೇ ಒಂದು ವಾರದ ಚರ್ಚೆ. ಬಚ್ಚಲಿನಿಂದ ತೆಗೆಯಬೇಡಿ ಅಂತ ನನ್ನ ಹೆಂಡತಿ ಖಡಾಖಂಡಿತವಾಗಿ ಹೇಳಿದಳು, ಅವಳ ಮಾತು ಸರಿಯಾಗಿತ್ತು. 2024ರ ಜುಲೈನಿಂದ ಇಲ್ಲಿನ ಹೊಸ ಮನೆಗಳಿಗೆ ವಯಸ್ಸಾದವರ ಅನುಕೂಲದ ನಿಯಮ ಬಂದಿದೆ. ಒಂದು ಬಚ್ಚಲಿನಲ್ಲಾದರೂ ಮುಂದೆ ಹಿಡಿಕೆ ಕೂರಿಸಲು ಗೋಡೆಯೊಳಗೆ ಗಟ್ಟಿ ಮರ ಕೊಟ್ಟಿರಬೇಕು, ನೆಲದಿಂದ 32 ಇಂಚಿಗೂ 39¼ ಇಂಚಿಗೂ ನಡುವೆ. ಬಾಗಿಲು ತೆರೆದಾಗ 32 ಇಂಚು ಖಾಲಿ ಸಿಗಬೇಕು. ಅಮ್ಮನ ಮಂಡಿ ನೋವು ನೋಡಿದವರಿಗೆ ಈ ನಿಯಮ ಹೊರೆ ಅನ್ನಿಸುವುದಿಲ್ಲ. ಕೊನೆಗೆ ಒಂದೂವರೆ ಅಡಿ ಹೋದದ್ದು ಹಜಾರದಿಂದ.

ಹಜಾರದಲ್ಲಿ ಹೋದದ್ದನ್ನು ಜಗಲಿಯಲ್ಲಿ ಪಡೆದೆವು. ಪೂರ್ವದ ಪಕ್ಕದಲ್ಲಿ ನಿಂಬೆಗಿಡದ ಕಡೆಗೆ ಮುಖ ಮಾಡಿ 12 ಅಡಿಗೆ 6 ಅಡಿಯ ಸೂರಿನ ಜಗಲಿ. ಅದು ವಾಸದ ಜಾಗವಲ್ಲ, 750ರ ಲೆಕ್ಕಕ್ಕೆ ಬರಲಿಲ್ಲ. ಶಾಲಾ ಫೀಸಿನ ಲೆಕ್ಕಕ್ಕೂ ಬರಲಿಲ್ಲ.

ಶಾಲೆಯವರ ಟೇಪು

ಎಪ್ಪತ್ತು ದಾಟಿದ ಇಬ್ಬರು ಇರುವ ಮನೆಗೆ ಶಾಲೆಯ ಫೀಸು ಯಾಕೆ ಅಂತ ಅಪ್ಪ ಕೇಳಿದರು. ಉತ್ತರ ಇಷ್ಟೆ: ಮನೆಯಲ್ಲಿ ಯಾರು ಇರುತ್ತಾರೆ ಅಂತ ಶಾಲಾ ಜಿಲ್ಲೆ ನೋಡುವುದಿಲ್ಲ, ವಾಸದ ಜಾಗ ಎಷ್ಟು ಹೆಚ್ಚಿತು ಅಂತ ನೋಡುತ್ತದೆ. ಅವರ ಅಳತೆಯೂ ಕಟ್ಟಡದ ಸುತ್ತಳತೆಯೊಳಗಿನ ಪೂರಾ ಜಾಗ. ಆದರೆ ಗ್ಯಾರೇಜು, ಕಾರ್‌ಪೋರ್ಟ್, ಸೂರಿನ ನಡೆದಾರಿ, ಪ್ಯಾಟಿಯೋ (ಮನೆಗೆ ಹೊಂದಿದ ಹೊರಗಿನ ಕಟ್ಟೆ) ಇವನ್ನೆಲ್ಲ ಕಾನೂನೇ ಬಿಟ್ಟಿದೆ. 2024ರ ಜನವರಿಯಲ್ಲಿ ರಾಜ್ಯ ಮಂಡಳಿ ನಿಗದಿ ಮಾಡಿದ ಗರಿಷ್ಠ ದರ ಚದರಡಿಗೆ 5.17 ಡಾಲರ್. 741ಕ್ಕೆ ಗುಣಿಸಿದರೆ 3,830.97.

ನಮ್ಮಲ್ಲಿ ಪ್ರಾಥಮಿಕ ಶಾಲೆಗೆ ಒಂದು ಜಿಲ್ಲೆ, ಹೈಸ್ಕೂಲಿಗೆ ಇನ್ನೊಂದು. ಆ 5.17ನ್ನು ಇಬ್ಬರೂ ಹಂಚಿಕೊಂಡರು. ಎರಡು ಕಚೇರಿ, ಎರಡು ಚೆಕ್ಕು, ಎರಡು ರಸೀದಿ. ಎರಡನ್ನೂ ನಗರದ ಕೌಂಟರಿಗೆ ತೋರಿಸಿದ ಮೇಲೇ ಪರ್ಮಿಟ್ ಕೈಗೆ ಸಿಗುವುದು. ಈ ಹಣ ನಗರದ ದರಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ, ಅದಕ್ಕೇ ಬಹಳ ಜನರ ಅಂದಾಜಿನಿಂದ ಇದು ತಪ್ಪಿಹೋಗುತ್ತದೆ. ನಿಮಗೆ ಸ್ಟುಡಿಯೋ, ಅಂದರೆ ಒಂದೇ ಕೋಣೆಯ ಮನೆ, ಸಾಕು ಅನ್ನುವುದಾದರೆ 500 ಚದರಡಿಯ ಒಳಗೇ ಇರಿ, ಈ ಸಾಲು ಸೊನ್ನೆಯಾಗುತ್ತದೆ.

ನಗರದ ಪಾಲು

ಪ್ಲ್ಯಾನ್ ಚೆಕ್ (ನಕ್ಷೆ ಪರಿಶೀಲನೆಯ ಫೀಸು) ಮತ್ತು ಪರ್ಮಿಟ್ ಎರಡೂ ಬಹುಮಟ್ಟಿಗೆ ವ್ಯಾಲ್ಯುಯೇಶನ್ ಮೇಲೆ, ಅಂದರೆ ಕಟ್ಟಡಕ್ಕೆ ನಗರ ಕಟ್ಟುವ ಬೆಲೆಯ ಮೇಲೆ ನಿಂತಿವೆ. ನಿಮ್ಮ ಗುತ್ತಿಗೆದಾರ ಎಷ್ಟು ಹೇಳಿದ ಅನ್ನುವುದಕ್ಕಿಂತ ನಗರ ಚದರಡಿಗೆ ಎಷ್ಟು ಹಿಡಿಯುತ್ತದೆ ಅನ್ನುವುದನ್ನು ಮೊದಲು ಕೇಳಿ. ಲೆಕ್ಕದ ಕ್ರಮ ಹೇಗಿರುತ್ತದೆ ಅಂತ ತೋರಿಸಲು 1997ರ ಯೂನಿಫಾರ್ಮ್ ಬಿಲ್ಡಿಂಗ್ ಕೋಡಿನ ಹಳೆಯ ಪಟ್ಟಿಯನ್ನೇ ತೆಗೆದುಕೊಳ್ಳುತ್ತೇನೆ. ಮೊದಲ 1,00,000 ಡಾಲರಿಗೆ 993.75, ಅದರ ಮೇಲೆ ಪ್ರತಿ 1,000ಕ್ಕೆ 5.60. ಚದರಡಿಗೆ 200 ಅಂತ ಹಿಡಿದರೆ ನಮ್ಮ ಮನೆ 1,48,200. ಸಾವಿರದ ಭಾಗವನ್ನೂ ಪೂರ್ತಿ ಸಾವಿರ ಅಂತ ಎಣಿಸಿ 49 ಸಾವಿರ, ಅದಕ್ಕೆ 274.40. ಒಟ್ಟು 1,268.15. ಪ್ಲ್ಯಾನ್ ಚೆಕ್ ಅದರ ಶೇ 65, ಅಂದರೆ 824.30. ಇವತ್ತಿನ ದರಗಳು ಇದರ ಎಷ್ಟೋ ಪಟ್ಟು, ಆದರೆ ಮೆಟ್ಟಿಲುಗಳು ಹೀಗೇ ಇರುತ್ತವೆ. ಇದರ ಮೇಲೆ ವಿದ್ಯುತ್, ಪ್ಲಂಬಿಂಗ್, ಮೆಕ್ಯಾನಿಕಲ್ ಅಂತ ಬೇರೆ ಬೇರೆ ಸಾಲು. ನಾನು 6,500 ಅಂದುಕೊಂಡಿದ್ದೆ, ಕಟ್ಟಿದ್ದು 7,940.

ರಾಜ್ಯಕ್ಕೆ ಹೋಗುವ ಎರಡು ಸಣ್ಣ ಸಾಲುಗಳೂ ಇವೆ. ಭೂಕಂಪ ಮಾಪನ ಜಾಲಕ್ಕೆ ವ್ಯಾಲ್ಯುಯೇಶನ್ನಿನ ಪ್ರತಿ ಲಕ್ಷಕ್ಕೆ 13 ಡಾಲರ್, ನಮಗೆ 19.27. ಕಟ್ಟಡ ಸಂಹಿತೆಯ ನಿಧಿಗೆ ಪ್ರತಿ 25,000ಕ್ಕೆ 1 ಡಾಲರ್, ನಮಗೆ 6.

ಟೇಪು, ಹಗ್ಗ, ನಲ್ಲಿಗಳ ಎಣಿಕೆ

ಅರ್ಜಿಗೆ ಮುಂಚೆ ಒಂದು ಶನಿವಾರ ಹಿತ್ತಲಲ್ಲೇ ಕಳೆದೆ. ಆ ಒಂದು ದಿನದ ಕೆಲಸ ಬಹಳ ಹಣ ಉಳಿಸಿತು.

ಮೊದಲು ಬೆಂಕಿಯ ಅಳತೆ. ಅಗ್ನಿಶಾಮಕ ವಾಹನ ನಿಲ್ಲುವ ಜಾಗದಿಂದ ಕಟ್ಟಡದ ಯಾವ ಮೂಲೆಗೂ ನಡೆದು ಹೋಗುವ ದಾರಿ 150 ಅಡಿ ಮೀರಬಾರದು. ಗಾಳಿಯಲ್ಲಿ ನೇರ ಅಳೆದರೆ ಆಗದು, ಮೆದುಗೊಳವೆ ಎಳೆದುಕೊಂಡು ಹೋಗುವ ಹಾಗೆ ಗೇಟು ದಾಟಿ, ಮನೆಯ ಮೂಲೆ ಸುತ್ತಿ ಅಳೆಯಬೇಕು. ಹಗ್ಗ ಹಿಡಿದು ಮಗಳು ಮುಂದೆ, ನಾನು ಹಿಂದೆ. 131 ಅಡಿ ಬಂತು. ಮುಖ್ಯ ಮನೆಗೆ ಸ್ಪ್ರಿಂಕ್ಲರ್ (ಬೆಂಕಿ ಬಿದ್ದರೆ ಚಾವಣಿಯಿಂದ ತಾನೇ ನೀರು ಚಿಮ್ಮುವ ವ್ಯವಸ್ಥೆ) ಕಡ್ಡಾಯವಿಲ್ಲದಿದ್ದರೆ ಹಿತ್ತಲ ಮನೆಗೂ ಕಡ್ಡಾಯ ಮಾಡುವಂತಿಲ್ಲ, ಅದೂ ಇದರ ಜೊತೆಗೆ ಅನುಕೂಲವಾಯಿತು.

ಆಮೇಲೆ ಬೇಲಿ. ಕಾನೂನು 4 ಅಡಿಗೆ ಒಪ್ಪುತ್ತದೆ. ಆದರೆ ಸ್ಪ್ರಿಂಕ್ಲರ್ ಇಲ್ಲದ ಮನೆಯ ಗೋಡೆ ಗಡಿಯಿಂದ 5 ಅಡಿಯೊಳಗೆ ಬಂದರೆ ಅದು ಒಂದು ಗಂಟೆ ಬೆಂಕಿ ತಡೆಯುವ ಗೋಡೆಯಾಗಬೇಕು, ಕಿಟಕಿಗಳು ಗೋಡೆಯ ಶೇ 25 ಮೀರಬಾರದು, ಸೂರಿನ ಅಡಿಗೂ ರಕ್ಷಣೆ ಬೇಕು. ಇದೆಲ್ಲ ನಕ್ಷೆಯಲ್ಲಿ ಹೆಚ್ಚುವರಿ ವಿವರ, ಪರಿಶೀಲನೆಯಲ್ಲಿ ಹೆಚ್ಚುವರಿ ಪ್ರಶ್ನೆ, ಕಟ್ಟುವಾಗ ಹೆಚ್ಚುವರಿ ಹಣ. ನಾವು 5 ಅಡಿ ಬಿಟ್ಟೆವು. ಜಾಗ ಇದ್ದವರು ಆ 4 ಅಡಿಯ ಆಸೆ ಬಿಡುವುದು ಒಳ್ಳೆಯದು.

ನೀರಿನವರು ನಲ್ಲಿ ಎಣಿಸುತ್ತಾರೆ. ಕ್ಯಾಲಿಫೋರ್ನಿಯಾ ಪ್ಲಂಬಿಂಗ್ ಸಂಹಿತೆಯಲ್ಲಿ ಪ್ರತಿ ಉಪಕರಣಕ್ಕೂ ಒಂದು ಘಟಕ ಸಂಖ್ಯೆ ಇದೆ. ಅಡುಗೆಮನೆ ಸಿಂಕಿಗೆ 1.5, ಡಿಶ್‌ವಾಷರಿಗೆ 1.5, ಮುಖ ತೊಳೆಯುವ ಬೇಸಿನ್ನಿಗೆ 1, ಟ್ಯಾಂಕ್ ಇರುವ ಕಮೋಡಿಗೆ 2.5, ಶವರಿಗೆ 2, ಬಟ್ಟೆ ಒಗೆಯುವ ಮೆಷಿನ್ನಿಗೆ 4. ಹಿತ್ತಲ ಮನೆಗೆ ಒಟ್ಟು 12.5. ಮುಂದಿನ ಮನೆಯನ್ನು ಕೋಣೆ ಕೋಣೆ ಸುತ್ತಿ, ಅಂಗಳದ ಎರಡು ನಲ್ಲಿಗಳನ್ನೂ ಸೇರಿಸಿ ಎಣಿಸಿದರೆ 23.5. ಒಟ್ಟು 36. ರಸ್ತೆಯಿಂದ ಬರುವ ನಮ್ಮ ಮುಕ್ಕಾಲು ಇಂಚಿನ ಪೈಪಿಗೆ ಅದು ಆಗುವ ಮಾತಲ್ಲ. ಒಂದು ಇಂಚಿನ ಮೀಟರು, ಒಂದು ಇಂಚಿನ ಲೈನು: 4,100 ಡಾಲರ್. ಈ ಎಣಿಕೆ ನಾನೇ ಮಾಡಿಕೊಂಡು ಹೋಗದಿದ್ದರೆ ಈ ಸಾಲು ತಳಪಾಯ ತೋಡಿದ ಮೇಲೆ ಎದುರಾಗುತ್ತಿತ್ತು. ಒಳಚರಂಡಿಯ ಫೀಸನ್ನು ಊರುಗಳು ಚದರಡಿಯ ಪ್ರಮಾಣದಲ್ಲೋ ಒಳಚರಂಡಿ ಘಟಕಗಳ ಪ್ರಮಾಣದಲ್ಲೋ ಹಾಕಬಹುದು. ನಮ್ಮ ಊರು ಚದರಡಿ ಹಿಡಿಯಿತು, 1,180.

ಸೋಲಾರ್ ವಿಷಯದಲ್ಲಿ ಮಾತ್ರ ನೆಮ್ಮದಿ ಸಿಕ್ಕಿತು. ಹೊಸದಾಗಿ ಕಟ್ಟುವ ಪ್ರತ್ಯೇಕ ಎಡಿಯುಗೆ ಸೋಲಾರ್ ಹಲಗೆ ಬೇಕೇ ಬೇಕು ಅಂತ ಎಲ್ಲರೂ ಹೇಳಿದ್ದರು. 2022ರ ಇಂಧನ ಸಂಹಿತೆಯಲ್ಲಿ ಲೆಕ್ಕಕ್ಕೆ ಬಂದ ಗಾತ್ರ 1.8 ಕಿಲೋವ್ಯಾಟಿಗಿಂತ ಕಡಿಮೆಯಿದ್ದರೆ ವಿನಾಯಿತಿ ಇತ್ತು. ಸ್ಯಾನ್ ಹೋಸೆ ಸುತ್ತಲಿನ ಹವಾಮಾನ ವಲಯ 4ಕ್ಕೆ ಅದರ ಸೂತ್ರ: ಚದರಡಿಯನ್ನು 0.586ರಿಂದ ಗುಣಿಸಿ 1,000ದಿಂದ ಭಾಗಿಸಿ, ಅದಕ್ಕೆ 1.21 ಕೂಡಿಸಿ. ನಮ್ಮದು 1.64. ಬೇಡ! ಆದರೆ 2026ರಲ್ಲಿ ಅರ್ಜಿ ಹಾಕುವವರಿಗೆ 2025ರ ಸಂಹಿತೆ ಅನ್ವಯವಾಗುತ್ತದೆ, ಈ ಲೆಕ್ಕವನ್ನು ಹೊಸ ಪಟ್ಟಿಯಿಂದ ಮತ್ತೆ ಹಾಕಬೇಕು.

ಕಾಗದದ ಖರ್ಚು

ಫೀಸಿಗಿಂತ ಹೆಚ್ಚು ಹೋದದ್ದು ಫೀಸು ಕಟ್ಟುವ ಹಂತಕ್ಕೆ ಬರುವುದಕ್ಕೆ. ನಕ್ಷೆ ಬರೆಸಲು 9,500. ಆ ಒಂದೂವರೆ ಅಡಿ ತೆಗೆದು ಮತ್ತೆ ಬರೆಸಲು 1,400. ಸ್ಟ್ರಕ್ಚರಲ್ ಎಂಜಿನಿಯರಿಗೆ 3,200, ಸರ್ವೆಗೆ 2,800, ಮಣ್ಣಿನ ವರದಿಗೆ 3,600, ಇಂಧನ ವರದಿಗೆ 450. ಒಟ್ಟು 20,950. ಮೊದಲೇ ಅನುಮೋದನೆ ಪಡೆದ ನಕ್ಷೆಗಳ ಯೋಜನೆಯನ್ನು 2025ರ ಜನವರಿ 1ರೊಳಗೆ ಪ್ರತಿ ಊರೂ ಶುರು ಮಾಡಬೇಕು ಅಂತ ಎಬಿ 1332 (ಎಬಿ ಅಂದರೆ ರಾಜ್ಯದ ಅಸೆಂಬ್ಲಿಯ ಮಸೂದೆ) ಹೇಳುತ್ತದೆ, ಅಂಥ ನಕ್ಷೆಗೆ ತೀರ್ಮಾನ 30 ದಿನದಲ್ಲಿ. ನಮ್ಮ ನಿವೇಶನಕ್ಕೆ ಹೊಂದುವುದು ಸಿಗಲಿಲ್ಲ. ನಿಮಗೆ ಸಿಕ್ಕರೆ ದಯವಿಟ್ಟು ಬಿಡಬೇಡಿ. ರಾಜ್ಯ ಕೊಡುತ್ತಿದ್ದ 40,000 ಡಾಲರ್ ಅನುದಾನದ ಸಂದೇಶ ಇನ್ನೂ ವಾಟ್ಸಾಪಿನಲ್ಲಿ ಓಡಾಡುತ್ತಿದೆ, ಆ ನಿಧಿ ಖಾಲಿಯಾಗಿದೆ.

ಮಾರ್ಚಿನಲ್ಲಿ ಅರ್ಜಿ ಹಾಕಿದೆವು. 41ನೇ ದಿನ ತಿದ್ದುಪಡಿ ಪಟ್ಟಿ ಬಂತು, 23 ಅಂಶ. ತಿದ್ದಬೇಕಾದ ಕಡೆಯೆಲ್ಲ ಸುತ್ತಿದ ಮೋಡದಾಕಾರದ ಕೆಂಪು ಗೆರೆಗಳು ಹಾಳೆಯ ತುಂಬ. ಒಂದೊಂದು ಅಂಶಕ್ಕೂ ಯಾವ ಹಾಳೆಯ ಯಾವ ಮೂಲೆಯಲ್ಲಿ ಉತ್ತರ ಇದೆ ಅಂತ ಪತ್ರ ಬರೆದು ಒಟ್ಟಿಗೆ ಕೊಟ್ಟೆ. ನಮ್ಮ ಊರಿನಲ್ಲಿ ಎರಡು ಸುತ್ತು ಪರಿಶೀಲನೆ ಮೊದಲ ಫೀಸಿನಲ್ಲೇ ಸೇರಿರುತ್ತದೆ, ಮೂರನೆಯದಕ್ಕೆ ಗಂಟೆಯ ಲೆಕ್ಕ. ಎರಡನೆಯದರಲ್ಲೇ ಮುಗಿಯಿತು.

ಎಲ್ಲ ಫೀಸು ಸೇರಿ 17,076.24. ಕಾಗದದ ಖರ್ಚು ಸೇರಿದರೆ 38,026.24. ಮೂರು ಕಾಲಂ ಹಾಕಿ ಮಾಡಿದ ಎರಡನೇ ಅಂದಾಜು 34,700, ಅಪ್ಪ ಹೇಳಿದಂತೆ ಶೇ 5 ಕಂಟಿಂಜೆನ್ಸಿ, ಅಂದರೆ ಅನಿರೀಕ್ಷಿತ ಖರ್ಚಿಗೆ ಎತ್ತಿಡುವ ಹಣ, ಸೇರಿ 36,435. ಮೀರಿದ್ದು 1,591.24. ಅದರಲ್ಲಿ 1,400 ಆ ಪೆನ್ಸಿಲ್ ಗೆರೆಯದ್ದೇ. ಇನ್ನೊಮ್ಮೆ ಮಾಡುವುದಾದರೆ ಶೇ 10 ಇಡುತ್ತೇನೆ.

2025ರ ಆಗಸ್ಟ್

ಪರ್ಮಿಟ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹಿಂಬಾಗಿಲಿನ ಪಕ್ಕ ಮೊಳೆಗೆ ತೂಗುಹಾಕಿದ್ದೆ. ತಳಪಾಯದ ಹಲಗೆ ಕಟ್ಟಿ, ಕಂಬಿ ಹಾಸಿ, ಮೊದಲ ತಪಾಸಣೆ. ಇನ್‌ಸ್ಪೆಕ್ಟರ್ ಬೇಲಿಯ ಬದಿ ಎರಡು ಕಡೆ ಟೇಪು ಹಿಡಿದರು, ಕಂಬಿಯ ಅಂತರ ನೋಡಿದರು, ಕೊನೆಗೆ ಹಲಗೆಯ ಉದ್ದ ಅಳೆದರು. ಟೇಪಿನ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. 28 ಅಡಿ 6 ಇಂಚು. ಕಾರ್ಡಿನ ಮೊದಲ ಸಾಲಿಗೆ ಸಹಿ ಬಿತ್ತು.

ಅಪ್ಪ ವಿಡಿಯೋದಲ್ಲಿ ಎಲ್ಲ ನೋಡುತ್ತಿದ್ದರು. ಹಾಸನದಲ್ಲಿ ರಾತ್ರಿ ಹನ್ನೊಂದು ಗಂಟೆ.

"ಸಹಿ ಆಯ್ತಾ? ಹಂಗಾದ್ರೆ ಇವತ್ತಿನ ತಾರೀಖು ಹಾಕಿ ಎಂ.ಬಿ.ಗೆ ಏರಿಸ್ಬಿಡು. ಕಾಂಕ್ರೀಟು ಬಿದ್ಮೇಲೆ ಕಂಬಿ ಕಾಣಲ್ಲ."

ಎಂ.ಬಿ. ಅಂದರೆ ಅವರ ಅಳತೆ ಪುಸ್ತಕ. ನಾನು ಫೋಟೋ ತೆಗೆದು, ತಾರೀಖು ಹಾಕಿ, ಸ್ಪ್ರೆಡ್‌ಶೀಟಿನ ಹೊಸ ಹಾಳೆಯಲ್ಲಿ ಮೊದಲ ಸಾಲು ಬರೆದೆ.